ಮಳೆ ಇಲ್ಲದ ದಿನವೂ ಹರಿಯುವ ರಾಜಕಾಲುವೆ: ಈ ನೀರಿಗೆ ಯಾವ ಕಾನೂನು?

ಬೆಂಗಳೂರಿನ ಯಾವುದಾದರೂ ರಾಜಕಾಲುವೆಯ ಸೇತುವೆ ಮೇಲೆ ಮಾರ್ಚ್ ತಿಂಗಳಲ್ಲಿ ಐದು ನಿಮಿಷ ನಿಂತು ನೋಡಿ. ಮೂಗು ಮುಚ್ಚಿಕೊಂಡೇ ನಿಲ್ಲಬೇಕಾಗುತ್ತದೆ, ಅದು ಬೇರೆ ಮಾತು. ಮಳೆ ಬಂದು ಎರಡು ಮೂರು ತಿಂಗಳಾಗಿರುತ್ತದೆ. ಆದರೂ ಕೆಳಗೆ ಕಪ್ಪು ನೀರು ಹರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಆ ನೀರು ಸ್ವಲ್ಪ ಏರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಮನೆಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆ ಮುಗಿಯುವ ಟೈಮ್‌ಗೆ ಸರಿಯಾಗಿ.

ಇದು ಮಳೆ ನೀರಿಗೆ ಅಂತ ಮಾಡಿದ ಕಾಲುವೆ. ಹಾಗಾದರೆ ಮಳೆಯಿಲ್ಲದ ದಿನ ಹರಿಯುತ್ತಿರುವುದು ಯಾವ ನೀರು? ಅದನ್ನು ಬಿಟ್ಟವರು ಯಾರು? ಬಿಡುವುದು ತಪ್ಪಾದರೆ ಹಿಡಿಯಬೇಕಾದವರು ಯಾರು?

ಜೋರು ಮಳೆ ಬಿದ್ದು ಲೇಔಟ್ ಮುಳುಗಿದಾಗಲೆಲ್ಲ ಈ ಪ್ರಶ್ನೆಗಳು ಮೇಲೆ ಬರುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನಿಮಗೆ ನೆನಪಿರಬಹುದು. ಆಮೇಲೆ ಜೆಸಿಬಿ ಬರುತ್ತದೆ, ಕಾಂಪೌಂಡ್ ಗೋಡೆಯ ಮೇಲೆ ಸರ್ವೆಯವರ ಕೆಂಪು ಗುರುತು ಬೀಳುತ್ತದೆ, ಟಿವಿಯಲ್ಲಿ ಬಫರ್, ಎನ್‌ಜಿಟಿ, ಎಸ್‌ಟಿಪಿ ಅಂತ ಪದಗಳು ಹಾರಾಡುತ್ತವೆ. ಇಪ್ಪತ್ತು ವರ್ಷದ ಸಾಲ ಮಾಡಿ ಫ್ಲ್ಯಾಟ್ ತಗೊಂಡವರಿಗೆ ಇದರಲ್ಲಿ ಯಾವುದು ತಮಗೆ ತಗಲುತ್ತದೆ ಅಂತ ಗೊತ್ತಾಗುವುದಿಲ್ಲ. ಬುಡದಿಂದ ಬಿಡಿಸಿ ನೋಡೋಣ.

ಮನೆಯಿಂದ ಹೊರಡುವ ಎರಡು ಪೈಪು

ನಿಮ್ಮ ಮನೆಯ ತಾರಸಿಯಿಂದ ಒಂದು ಪೈಪು ಇಳಿಯುತ್ತದೆ. ಅದು ಮಳೆ ನೀರಿನದು. ಬಚ್ಚಲು, ಅಡುಗೆಮನೆ, ಟಾಯ್ಲೆಟ್‌ನಿಂದ ಇನ್ನೊಂದು ಪೈಪು ಹೊರಡುತ್ತದೆ. ಅದು ಕೊಳಚೆಯದು. ಬೆಂಗಳೂರಿನಲ್ಲಿ ಇವೆರಡಕ್ಕೂ ದಾರಿ ಬೇರೆ. ಮಳೆ ನೀರು ರಸ್ತೆ ಪಕ್ಕದ ಚರಂಡಿಗೆ ಬಿದ್ದು, ಅಲ್ಲಿಂದ ರಾಜಕಾಲುವೆ ಸೇರಿ, ಕೊನೆಗೆ ಕೆರೆಗೆ ಹೋಗಬೇಕು. ಕೊಳಚೆ ನೀರು ನೆಲದ ಕೆಳಗಿನ ಒಳಚರಂಡಿಯಲ್ಲಿ ಹೋಗಿ ಶುದ್ಧೀಕರಣ ಘಟಕ ಸೇರಬೇಕು. ಈ ಒಳಚರಂಡಿಗೆ ಜನ ಯುಜಿಡಿ ಅನ್ನುತ್ತಾರೆ, ಘಟಕಕ್ಕೆ ಎಸ್‌ಟಿಪಿ ಅನ್ನುತ್ತಾರೆ.

ಮಳೆ ನೀರಿನ ದಾರಿ ಪಾಲಿಕೆಯ ಕೈಯಲ್ಲಿದೆ. ಮೊದಲು ಬಿಬಿಎಂಪಿ ನೋಡಿಕೊಳ್ಳುತ್ತಿತ್ತು. 2025ರ ಸೆಪ್ಟೆಂಬರ್‌ನಿಂದ ಆ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ಯುಜಿಡಿ ಮಾತ್ರ ಜಲಮಂಡಳಿಯದು. ಈ ಎರಡು ಆಫೀಸಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡು ದಾರಿ ಯಾಕೆ? ಒಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 30-40 ಸೈಟಿನಷ್ಟು, ಅಂದರೆ 1,200 ಚದರಡಿ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಒಂದೇ ಮನೆಯಿಂದ ಒಂದು ಸಣ್ಣ ಟ್ಯಾಂಕರ್! ಯುಜಿಡಿ ಪೈಪು ಮಾಡಿದ್ದು ಮನೆಯ ದಿನದ ಬಳಕೆಯ ಲೆಕ್ಕಕ್ಕೆ. ಬೀದಿಯ ಮನೆಗಳೆಲ್ಲ ಒಂದೊಂದು ಟ್ಯಾಂಕರ್ ನೀರನ್ನು ಒಂದೇ ಗಂಟೆಯಲ್ಲಿ ಅದಕ್ಕೆ ಸುರಿದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ನಿಲ್ಲುತ್ತದೆ, ಕೊಳಚೆ ರಸ್ತೆಗೆ ಬರುತ್ತದೆ. ಅದಕ್ಕೇ ತಾರಸಿ ಪೈಪನ್ನು ಯುಜಿಡಿಗೆ ಸೇರಿಸಬಾರದು ಅಂತ ಜಲಮಂಡಳಿ ಹೇಳುತ್ತಲೇ ಇರುತ್ತದೆ. ಜನ ಸೇರಿಸುತ್ತಲೇ ಇರುತ್ತಾರೆ.

ಉಲ್ಟಾ ಕೂಡ ಆಗುತ್ತದೆ. ಯುಜಿಡಿ ಇಲ್ಲದ ಬಡಾವಣೆ, ಇದ್ದರೂ ಕಟ್ಟಿಕೊಂಡ ಲೈನು, ಎಸ್‌ಟಿಪಿ ಓಡಿಸಲು ಕರೆಂಟ್ ಬಿಲ್ ಜಾಸ್ತಿ ಅನ್ನುವ ಕಟ್ಟಡ. ಪಕ್ಕದಲ್ಲೇ ರಾಜಕಾಲುವೆ. ರಾತ್ರೋರಾತ್ರಿ ಒಂದು ಪೈಪು ಅದರ ಗೋಡೆಗೆ ತೂತು ಮಾಡಿಕೊಂಡು ಇಳಿಯುತ್ತದೆ. ಮಾರ್ಚ್‌ನಲ್ಲಿ ನೀವು ನೋಡುವ ಆ ಕಪ್ಪು ನೀರು ಬರುವುದು ಹೀಗೆ.

ರಾಜಕಾಲುವೆ ಅಂದರೆ ಬರೀ ದೊಡ್ಡ ಮೋರಿ ಅಲ್ಲ

ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ದೊಡ್ಡ ನದಿ ಇಲ್ಲ. ಅದಕ್ಕೆ ಹಿಂದಿನವರು ಇಳಿಜಾರಿನಲ್ಲಿ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಕೆರೆಯಿಂದ ಕೆರೆಗೆ ನೀರು ಒಯ್ಯುವ ಈ ಕೊಂಡಿಗಳಿಗೇ ರಾಜಕಾಲುವೆ ಅನ್ನುವುದು. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಯ ನೀರು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. ನಾವು ಇಲ್ಲಿ ಬಿಟ್ಟಿದ್ದು ಇಲ್ಲೇ ಇರುವುದಿಲ್ಲ.

ಈ ಕೊಂಡಿಗಳು ಎಷ್ಟು ಕಳಚಿವೆ ಅನ್ನುವುದಕ್ಕೆ ಸಿಎಜಿ, ಅಂದರೆ ಸರಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, 2021ರ ವರದಿಯಲ್ಲಿ ಒಂದು ಹೋಲಿಕೆ ಕೊಟ್ಟಿದೆ. ಕಳೆದ ಶತಮಾನದ ಶುರುವಿನಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿಲೋಮೀಟರ್ ಕಾಲುವೆ ಇತ್ತು. 2016-17ರ ಹೊತ್ತಿಗೆ ಉಳಿದದ್ದು ಸುಮಾರು 63. ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 111ಕ್ಕೆ ಬಂದಿದೆ. ಮಳೆ ಕಡಿಮೆ ಆಗಿಲ್ಲ, ಹರಿಯುವ ಜಾಗ ಅರ್ಧ ಆಗಿದೆ.

ಒಣಗಿದ್ದರೂ ಕಾನೂನಿಗೆ ಅದು ತೊರೆಯೇ

ನೀರನ್ನು ಕೊಳಕು ಮಾಡುವುದನ್ನು ತಡೆಯಲು ನಮ್ಮ ದೇಶದಲ್ಲಿರುವ ಮೂಲ ಕಾನೂನು 1974ರ ಜಲ ಮಾಲಿನ್ಯ ಕಾಯ್ದೆ. ಸುಮ್ನೆ ಜಲ ಕಾಯ್ದೆ ಅನ್ನೋಣ. ಸಂವಿಧಾನದ ಪ್ರಕಾರ ನೀರು ರಾಜ್ಯಗಳ ವಿಷಯ. ಸಂಸತ್ತು ನೇರವಾಗಿ ಅದರ ಮೇಲೆ ಕಾನೂನು ಮಾಡುವ ಹಾಗಿಲ್ಲ. ಆದರೆ ರಾಜ್ಯಗಳೇ ನಿರ್ಣಯ ಮಾಡಿ 'ನಮಗಾಗಿ ನೀವೇ ಮಾಡಿ' ಅಂತ ಕೇಳಿಕೊಳ್ಳಬಹುದು. ಹಾಗೆ ಮೊದಲೇ ಕೇಳಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ನಮ್ಮ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು.

ಈ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ವ್ಯಾಖ್ಯೆ. ತೊರೆ ಎಂದರೆ ಏನು ಅಂತ ಹೇಳುವಾಗ ಅದು ನದಿಯನ್ನಷ್ಟೇ ಸೇರಿಸುವುದಿಲ್ಲ. ನೀರು ಹರಿಯುವ ದಾರಿ, ಅದು ಈಗ ಹರಿಯುತ್ತಿರಲಿ ಅಥವಾ ಸದ್ಯಕ್ಕೆ ಒಣಗಿರಲಿ, ತೊರೆಯೇ. ಮನುಷ್ಯ ಮಾಡಿದ್ದಾದರೂ ಸರಿ, ತಾನಾಗಿ ಆದದ್ದಾದರೂ ಸರಿ. ನೆಲದೊಳಗಿನ ನೀರೂ ಅದರಲ್ಲಿ ಬರುತ್ತದೆ. 'ಇದು ಒಣ ಹಳ್ಳ ಸಾರ್, ಇಲ್ಲೆಲ್ಲಿ ನೀರು' ಅನ್ನುವ ವಾದಕ್ಕೆ 1974ರಲ್ಲೇ ಉತ್ತರ ಬರೆದಿಟ್ಟಿದ್ದಾರೆ.

ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಕೊಳಕು ಪದಾರ್ಥವನ್ನು ತೊರೆಗೆ, ಬಾವಿಗೆ, ಚರಂಡಿಗೆ ಅಥವಾ ನೆಲಕ್ಕೆ ಬಿಡುವುದು ತಪ್ಪು. 25ನೇ ಸೆಕ್ಷನ್ ಪ್ರಕಾರ ಕೊಳಚೆ ಅಥವಾ ಕೈಗಾರಿಕೆಯ ಹೊಲಸು ನೀರು ಹೊರಬರುವ ಯಾವುದೇ ಘಟಕಕ್ಕೆ ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇಕು. ಕರ್ನಾಟಕದಲ್ಲಿ ಇದು ಎರಡು ಹಂತ. ಕಟ್ಟುವ ಮೊದಲು ತಗೊಳ್ಳುವುದು ಸಿಎಫ್‌ಇ. ಓಡಿಸಲು ಶುರು ಮಾಡುವ ಮೊದಲು ತಗೊಳ್ಳುವುದು ಸಿಎಫ್‌ಒ. ಮೊದಲನೆಯದು ಮನೆಯ ಪ್ಲಾನ್ ಸ್ಯಾಂಕ್ಷನ್ ಇದ್ದ ಹಾಗೆ. ಎರಡನೆಯದು ಲಾರಿಯ ಎಫ್‌ಸಿ ಇದ್ದ ಹಾಗೆ, ಅವಧಿ ಮುಗಿದಾಗ ಮತ್ತೆ ಮಾಡಿಸಬೇಕು. ಇದು ಕಾರ್ಖಾನೆಗೆ ಮಾತ್ರ ಅಲ್ಲ. ದೊಡ್ಡ ಅಪಾರ್ಟ್‌ಮೆಂಟ್‌ಗಳೂ ಇದರ ಕೆಳಗೆ ಬರುತ್ತವೆ. ಬಿಲ್ಡರ್ ಹೆಸರಿನ ಸಿಎಫ್‌ಒ ನಿವಾಸಿಗಳ ಸಂಘಕ್ಕೆ ವರ್ಗ ಆಗಿದೆಯಾ, ಇಲ್ಲವಾ ಅನ್ನುವುದು ನೋಟಿಸ್ ಬಂದ ದಿನವೇ ಎಷ್ಟೋ ಸಂಘಗಳಿಗೆ ಗೊತ್ತಾಗುವುದು.

'ಬಿಒಡಿ ಹತ್ತು' ಅಂದರೆ ಏನು?

ನೋಟಿಸ್‌ಗಳಲ್ಲಿ ಬಿಒಡಿ ಅನ್ನುವ ಮೂರಕ್ಷರ ಇದ್ದೇ ಇರುತ್ತದೆ. ನೀರಿನಲ್ಲಿ ಕೊಳೆಯುವ ವಸ್ತು ಇದ್ದರೆ ಅದನ್ನು ತಿನ್ನಲು ಕಣ್ಣಿಗೆ ಕಾಣದ ಜೀವಿಗಳು ಬರುತ್ತವೆ. ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕ ಬಳಸುತ್ತವೆ. ಒಂದು ಲೀಟರ್ ನೀರಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಹೀಗೆ ಖರ್ಚಾಗುತ್ತದೆ ಅನ್ನುವುದೇ ಬಿಒಡಿ.

ಕಿಟಕಿ ಮುಚ್ಚಿದ ಮದುವೆ ಛತ್ರ ಅಂದುಕೊಳ್ಳಿ. ಊಟ ಜಾಸ್ತಿ ಇದ್ದಷ್ಟೂ ಪಂಕ್ತಿಗೆ ಕೂರುವವರು ಜಾಸ್ತಿ. ಜನ ಜಾಸ್ತಿ ಆದಷ್ಟೂ ಒಳಗೆ ಉಸಿರು ಕಟ್ಟುತ್ತದೆ. ಮೂಲೆಯಲ್ಲಿ ಕೂತ ಮೀನಿಗೆ ಗಾಳಿಯೇ ಸಿಗುವುದಿಲ್ಲ. ಕೆರೆಯಲ್ಲಿ ಒಂದು ಬೆಳಿಗ್ಗೆ ರಾಶಿ ರಾಶಿ ಮೀನು ಸತ್ತು ತೇಲುವುದಕ್ಕೆ ವಿಷವೇ ಬೇಕಿಲ್ಲ, ಬರೀ ಇದೇ ಸಾಕು.

ಶುದ್ಧ ಮಾಡದ ಕೊಳಚೆಯ ಬಿಒಡಿ ಸಾಮಾನ್ಯವಾಗಿ ಇನ್ನೂರರ ಮೇಲಿರುತ್ತದೆ. ಎಸ್‌ಟಿಪಿಯಿಂದ ಹೊರಬರುವಾಗ ಅದು ದೊಡ್ಡ ನಗರಗಳಲ್ಲಿ 20, ಉಳಿದ ಕಡೆ 30 ಮೀರಬಾರದು ಅಂತ ಕೇಂದ್ರ ಸರಕಾರ 2017ರಲ್ಲಿ ಅಧಿಸೂಚನೆ ಹೊರಡಿಸಿತು. ಇಷ್ಟು ಸಡಿಲ ಸಾಲದು, ಎಲ್ಲ ಕಡೆ 10 ಇರಲಿ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದರೆ ಎನ್‌ಜಿಟಿ ಹೇಳಿತು. ಹತ್ತು ಇಪ್ಪತ್ತರ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಎಸ್‌ಟಿಪಿ ನಡೆಸುವವರನ್ನು ಕೇಳಿ ನೋಡಿ. ಮೊದಲ ಇನ್ನೂರನ್ನು ಇಪ್ಪತ್ತು ಮಾಡುವುದಕ್ಕಿಂತ ಇಪ್ಪತ್ತನ್ನು ಹತ್ತು ಮಾಡುವುದೇ ಕಷ್ಟ ಅನ್ನುತ್ತಾರೆ. ಬಟ್ಟೆಯ ಕೊನೆಯ ಕಲೆ ಹೋಗುವುದೇ ಕಷ್ಟ ಅಲ್ವಾ, ಹಾಗೆ.

ಯಾರದ್ದೂ ಅಲ್ಲದ ಕೊಳಕು

ಮೇಲೆ ಹೇಳಿದ ಒಪ್ಪಿಗೆಯ ಪದ್ಧತಿ ಕೆಲಸ ಮಾಡಬೇಕಾದರೆ ಒಂದು ಪೈಪು ಬೇಕು, ಪೈಪಿಗೆ ಒಬ್ಬ ಯಜಮಾನ ಬೇಕು. ಆದರೆ ಮಳೆಯ ಮೊದಲ ಅರ್ಧ ಗಂಟೆ ರಸ್ತೆಯಿಂದ ಹರಿದು ಬರುವ ನೀರನ್ನು ನೋಡಿ. ಟೈರಿನ ಪುಡಿ, ಸೋರಿದ ಆಯಿಲ್, ಕಟ್ಟಡದ ಸಿಮೆಂಟು, ನಾಯಿಯ ಹೇಲು, ಮಾರ್ಕೆಟ್ಟಿನ ಕೊಳೆತ ಸೊಪ್ಪು, ಎಲ್ಲ ಅದರಲ್ಲಿರುತ್ತದೆ. ಇದಕ್ಕೆ ಸಿಎಫ್‌ಒ ಕೇಳುವುದು ಯಾರ ಹತ್ತಿರ? ನಮ್ಮ ಜಲ ಕಾಯ್ದೆಯಲ್ಲಿ ಊರಿನ ಮಳೆ ನೀರಿಗೆ ಅಂತಲೇ ಬೇರೆ ಪರವಾನಗಿ ಇಲ್ಲ.

ಅಮೆರಿಕದಲ್ಲಿ 1987ರಲ್ಲಿ ತಮ್ಮ ನೀರಿನ ಕಾನೂನಿಗೆ ತಿದ್ದುಪಡಿ ಮಾಡಿ, ನಗರಗಳ ಮಳೆ ಚರಂಡಿಗೂ ಪರವಾನಗಿ ಕಡ್ಡಾಯ ಮಾಡಿದರು. ಅಂದರೆ ಪಾಲಿಕೆಯೇ ಲೈಸೆನ್ಸ್ ತಗೊಂಡು, ರಸ್ತೆ ಗುಡಿಸುವುದರಿಂದ ಹಿಡಿದು ಕಳ್ಳ ಕನೆಕ್ಷನ್ ಹುಡುಕುವವರೆಗೆ ಏನೇನು ಮಾಡುತ್ತೇನೆ ಅಂತ ಬರೆದುಕೊಡಬೇಕು. ಅಲ್ಲೂ ಜಗಳ ಮುಗಿದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮಳೆ ನೀರು, ಕೊಳಚೆ ಎರಡೂ ಒಂದೇ ಪೈಪಿನಲ್ಲಿ ಹೋಗುತ್ತವೆ. 'ನೀನು ಬಿಟ್ಟ ನೀರಿನಿಂದ ಸಮುದ್ರದ ಗುಣಮಟ್ಟ ಕೆಡಬಾರದು' ಅಂತಷ್ಟೇ ಪರವಾನಗಿಯಲ್ಲಿ ಬರೆದರೆ ಸಾಲದು, ಏನು ಮಾಡಬೇಕು ಅಂತ ಸ್ಪಷ್ಟವಾಗಿ ಹೇಳಬೇಕು ಎಂದು 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ತೀರ್ಪು ಕೊಟ್ಟಿತು. ಆ ಊರಿನಲ್ಲಿ ಒಂದೇ ಪೈಪು ಅಂತ ಗೊತ್ತಿದ್ದೇ ಕಟ್ಟಿದ್ದಾರೆ. ನಮ್ಮಲ್ಲಿ ಕಾಗದದ ಮೇಲೆ ಎರಡು, ಸೇತುವೆ ಮೇಲೆ ನಿಂತು ನೋಡಿದರೆ ಒಂದೇ!

ಬಫರ್: 75 ಮೀಟರಿನ ಕಥೆ

ಇಲ್ಲಿವರೆಗೆ ನೀರಿನ ಕಾನೂನು. ಈಗ ನೆಲದ್ದು. ಮನೆ ಮುಂದೆ ಕೆಂಪು ಗುರುತು ಬೀಳುವುದು ಈ ಕಾನೂನಿನಿಂದ.

ಬಫರ್ ಅಂದರೆ ಕೆರೆ ಅಥವಾ ಕಾಲುವೆಯ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. ನೀರು ಉಕ್ಕಿದರೆ ಹರಡಿಕೊಳ್ಳಲು, ಮಳೆ ಇಂಗಲು, ಹೂಳೆತ್ತುವ ಯಂತ್ರ ಹೋಗಲು ಆ ಜಾಗ ಬೇಕು. ರೈಲು ಹಳಿಗೆ ಅಂಟಿಕೊಂಡು ಯಾರೂ ಮನೆ ಕಟ್ಟುವುದಿಲ್ಲವಲ್ಲ, ಅದೇ ಲೆಕ್ಕ. ಬಫರ್ ಜಾಗ ನಿಮ್ಮ ಸ್ವಂತದ್ದೇ ಆಗಿರಬಹುದು. ಮಾಲೀಕತ್ವ ಹೋಗುವುದಿಲ್ಲ, ಕಟ್ಟುವ ಹಕ್ಕು ಇರುವುದಿಲ್ಲ. ಒತ್ತುವರಿ ಬೇರೆ. ಅದು ಕಾಲುವೆಯ ಸರಕಾರಿ ಜಾಗದ ಮೇಲೇ ಕಟ್ಟಿದ್ದು. ಟಿವಿ ಚರ್ಚೆಯಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ.

ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30 ಮೀಟರ್ ಬಫರ್. ರಾಜಕಾಲುವೆಯಲ್ಲಿ ಮೂರು ದರ್ಜೆ. ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಈ ಅಳತೆ ಕಾಲುವೆಯ ನಡುಮಧ್ಯದಿಂದ.

2016ರ ಮೇ 4ರಂದು ಎನ್‌ಜಿಟಿ ಇದನ್ನು ಏರಿಸಿತು. ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವೆ ಎದ್ದ ಎರಡು ದೊಡ್ಡ ನಿರ್ಮಾಣಗಳ ಮೇಲಿನ ಕೇಸು ಅದು. ತೀರ್ಪು ಮಾತ್ರ ಇಡೀ ಊರಿಗೆ ಬಂತು. ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್. ಅದೂ ನಡುಮಧ್ಯದಿಂದಲ್ಲ, ಕಾಲುವೆಯ ಅಂಚಿನಿಂದ. ಈ ಒಂದು ಪದ ಎಷ್ಟು ದೊಡ್ಡದು ನೋಡಿ. ಕಾಲುವೆ 20 ಮೀಟರ್ ಅಗಲ ಇದ್ದರೆ, ಹಳೇ ಲೆಕ್ಕದ 50ರಲ್ಲಿ 10 ಮೀಟರ್ ಕಾಲುವೆಯೊಳಗೇ ಮುಗಿದು ದಡದಲ್ಲಿ ಉಳಿಯುವುದು 40. ಹೊಸ ಲೆಕ್ಕದಲ್ಲಿ ಪೂರ್ತಿ 50. ಸಂಖ್ಯೆ ಅದೇ, ಸೈಟು ಹೋಯಿತು. ಪ್ಲಾನ್ ಮಂಜೂರಾತಿಗಳು ನಿಂತವು, ಬ್ಯಾಂಕುಗಳು ಬಫರ್ ಬಗ್ಗೆ ಕೇಳತೊಡಗಿದವು.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಭಾಗವನ್ನು ರದ್ದು ಮಾಡಿತು. ಬಫರ್ ಜಾಸ್ತಿ ಇರಬಾರದು ಅಂತ ಕೋರ್ಟ್ ಹೇಳಲಿಲ್ಲ. ಅದು ಹೇಳಿದ್ದು ಅಧಿಕಾರದ ಮಾತು. ಮಾಸ್ಟರ್ ಪ್ಲಾನ್ ನಗರ ಯೋಜನೆ ಕಾಯ್ದೆಯ ಕೆಳಗೆ, ಜನರ ಆಕ್ಷೇಪ ಕೇಳಿ ಮಾಡಿದ ದಾಖಲೆ. ನ್ಯಾಯಮಂಡಳಿ ಒಂದು ಕೇಸು ಕೇಳುತ್ತಾ ಅದನ್ನೇ ತಿದ್ದಲು ಬರುವುದಿಲ್ಲ. ಅಂಪೈರ್ ಔಟ್ ಕೊಡಬಹುದು, ಬೌಂಡರಿ ಗೆರೆಯನ್ನು ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಹೀಗಾಗಿ ಮಾಸ್ಟರ್ ಪ್ಲಾನಿನ ಹಳೇ ಅಳತೆಗಳೇ ಮತ್ತೆ ಬಂದವು.

ಗೆರೆ ಎಳೆಯುವ ಅಧಿಕಾರ ಇರುವ ಶಾಸನಸಭೆ 2025ರಲ್ಲಿ ಅದಕ್ಕೆ ಕೈ ಹಾಕಿತು. ಎಲ್ಲ ಕೆರೆಗೂ ಒಂದೇ 30 ಮೀಟರ್ ಯಾಕೆ, ಕೆರೆಯ ವಿಸ್ತೀರ್ಣ ನೋಡಿ ಬಫರ್ ಇರಲಿ, ಸಣ್ಣ ಕೆರೆಗೆ ಕಡಿಮೆ ಸಾಕು ಅನ್ನುವ ತಿದ್ದುಪಡಿ ಮಸೂದೆಗೆ ಆಗಸ್ಟ್‌ನಲ್ಲಿ ಉಭಯ ಸದನಗಳು ಒಪ್ಪಿಗೆ ಕೊಟ್ಟವು. ಸಣ್ಣ ಕೆರೆಗಳ ಸುತ್ತ ಜಾಗ ವ್ಯರ್ಥವಾಗಿ ಬಿದ್ದಿದೆ ಅನ್ನುವುದು ಪರವಾದ ವಾದ. ಸರಪಣಿಯಲ್ಲಿ ಸಣ್ಣ ಕೊಂಡಿಯೂ ಕೊಂಡಿಯೇ, ಅದು ಕಳಚಿದರೆ ಕೆಳಗಿನ ದೊಡ್ಡ ಕೆರೆಗೆ ನೀರೆಲ್ಲಿ ಅನ್ನುವುದು ವಿರುದ್ಧದ್ದು. ಮಸೂದೆಗೆ ರಾಜ್ಯಪಾಲರ ಒಪ್ಪಿಗೆ ಸಿಕ್ಕಿ ಗೆಜೆಟ್‌ನಲ್ಲಿ ಬರುವವರೆಗೆ ಅದು ಕಾನೂನಲ್ಲ ಅನ್ನುವುದು ನೆನಪಿರಲಿ. ಸೈಟು ನೋಡಲು ಹೋದಾಗ 'ಬಫರ್ ತೆಗೆದುಬಿಟ್ಟಿದ್ದಾರೆ ಸಾರ್' ಅಂತ ಬ್ರೋಕರ್ ಹೇಳಿದರೆ ಗೆಜೆಟ್ ತೋರಿಸಿ ಅನ್ನಿ.

ಕಾಲುವೆ ಎಲ್ಲಿತ್ತು ಅನ್ನುವ ಜಗಳಕ್ಕೆ ಸಾಕ್ಷಿ ಹಳೇ ಗ್ರಾಮ ನಕ್ಷೆ. ಅದರಲ್ಲಿ ಹಳ್ಳ, ಕಾಲುವೆ, ದಾರಿಗಳ ಗೆರೆ ಇರುತ್ತದೆ. ಇವು ಹಾದುಹೋಗುವ ಜಾಗಕ್ಕೆ ಕಂದಾಯ ಭಾಷೆಯಲ್ಲಿ ಬಿ ಖರಾಬು ಅನ್ನುತ್ತಾರೆ. ಪಹಣಿ ಯಾರ ಹೆಸರಿನಲ್ಲಿದ್ದರೂ ಬಿ ಖರಾಬು ಸರಕಾರದ್ದೇ. ಸರಕಾರದ ದಿಶಾಂಕ್ ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್ ಮತ್ತು ಹಳೇ ನಕ್ಷೆಯ ಗೆರೆ ಎರಡೂ ಕಾಣುತ್ತವೆ. ಅಡ್ವಾನ್ಸ್ ಕೊಡುವ ಮೊದಲು ಮಾಡಬೇಕಾದ ಹತ್ತು ನಿಮಿಷದ ಕೆಲಸ ಇದು.

ಜೈಲಿನ ಬದಲು ದುಡ್ಡು

1974ರ ಕಾಯ್ದೆ ಓದಿದರೆ ಹೆದರಿಕೆ ಆಗುತ್ತದೆ. 24ನೇ ಸೆಕ್ಷನ್ ಮೀರಿದರೆ ಕಡಿಮೆ ಅಂದರೂ ಒಂದೂವರೆ ವರ್ಷ, ಜಾಸ್ತಿ ಅಂದರೆ ಆರು ವರ್ಷ ಜೈಲು ಅಂತ ಅದರಲ್ಲಿತ್ತು. ಆದರೆ ಜೈಲು ಅಂದ ಮೇಲೆ ಕ್ರಿಮಿನಲ್ ಕೇಸು, ಸಾಕ್ಷಿ, ವಾಯಿದೆ. ಮಂಡಳಿಗೆ ಅದನ್ನು ಸಾಬೀತು ಮಾಡುವುದೇ ಒಂದು ದೊಡ್ಡ ಕೆಲಸ.

2024ರ ಫೆಬ್ರವರಿಯಲ್ಲಿ ಸಂಸತ್ತು ಈ ಕಾಯ್ದೆಗೆ ತಿದ್ದುಪಡಿ ತಂದಿತು. ಹಲವು ತಪ್ಪುಗಳಿಗೆ ಜೈಲು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇಟ್ಟಿತು. ಕೋರ್ಟಿನ ಬದಲು ಒಬ್ಬ ನಿರ್ಣಯಾಧಿಕಾರಿ ದಂಡ ಹಾಕುತ್ತಾರೆ. ದಂಡ ಕಟ್ಟದೆ ಹೋದರೆ ಆಗ ಜೈಲಿನ ಮಾತು. ಕೆಲವು ಬಗೆಯ ಕೈಗಾರಿಕೆಗಳಿಗೆ ಮಂಡಳಿಯ ಒಪ್ಪಿಗೆಯಿಂದಲೇ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕೆ ಬಂತು. ನೀರು ರಾಜ್ಯಗಳ ವಿಷಯ ಅಂದೆನಲ್ಲ, ಅದು ಇಲ್ಲೂ ಬರುತ್ತದೆ. ತಿದ್ದುಪಡಿ ಮೊದಲಿಗೆ ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ತಾವೇ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು.

ದಂಡ ಬೇಗ ಆಗುತ್ತದೆ ಅನ್ನುವುದು ಒಂದು ಕಡೆಯ ಮಾತು. ದೊಡ್ಡ ಕಾರ್ಖಾನೆಗೆ 15 ಲಕ್ಷ ಟೀ ಕಾಸು ಅನ್ನುವುದು ಇನ್ನೊಂದು ಕಡೆಯದು. ಇದರ ಮಧ್ಯೆ 2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್‌ನಿಂದ ಒಂದು ಮುಖ್ಯ ತೀರ್ಪು ಬಂತು. ದೆಹಲಿಯ ಕೇಸು. ಮಾಲಿನ್ಯ ಮಂಡಳಿಗಳು ಜಲ ಕಾಯ್ದೆಯ 33ಎ ಸೆಕ್ಷನ್ ಕೆಳಗೆ ಪರಿಸರ ಪರಿಹಾರವನ್ನು ತಾವೇ ವಸೂಲು ಮಾಡಬಹುದು, ಮುಂಚಿತವಾಗಿ ಬ್ಯಾಂಕ್ ಗ್ಯಾರಂಟಿಯನ್ನೂ ಕೇಳಬಹುದು ಎಂದಿತು. ಆದರೆ ಅದಕ್ಕೆ ಮೊದಲು ನಿಯಮ ಮಾಡಬೇಕು, ಮನಸ್ಸಿಗೆ ಬಂದ ಹಾಗೆ ಹಾಕುವ ಹಾಗಿಲ್ಲ.

ದಂಡಕ್ಕೂ ಪರಿಹಾರಕ್ಕೂ ಏನು ವ್ಯತ್ಯಾಸ? ಸಿಗ್ನಲ್ ಜಂಪ್ ಮಾಡಿ ಯಾರದ್ದೋ ಸ್ಕೂಟರ್‌ಗೆ ಗುದ್ದಿದಿರಿ ಅಂದುಕೊಳ್ಳಿ. ಪೊಲೀಸರು ಹಾಕುವುದು ದಂಡ, ತಪ್ಪಿಗೆ. ಸ್ಕೂಟರ್ ರಿಪೇರಿಗೆ ಕೊಡುವುದು ಪರಿಹಾರ, ನಷ್ಟಕ್ಕೆ. ದಂಡಕ್ಕೆ ಮಿತಿ ಇರಬಹುದು, ರಿಪೇರಿ ಬಿಲ್ಲಿಗೆ ಮಿತಿ ಇಲ್ಲ. ತಮಿಳುನಾಡಿನ ಪಾಲಾರ್ ನದಿಗೆ ಚರ್ಮ ಹದ ಮಾಡುವ ಕಾರ್ಖಾನೆಗಳು ಹೊಲಸು ಬಿಟ್ಟ ವೆಲ್ಲೂರಿನ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಕೊಳಕು ಮಾಡಿದವನೇ ರಿಪೇರಿಯ ಖರ್ಚು ಕೊಡಬೇಕು ಅನ್ನುವುದು ಈ ದೇಶದ ಕಾನೂನಿನ ಭಾಗ ಅಂತ ಹೇಳಿಯಾಗಿದೆ.

ಬಿಟ್ಟವರು ಸರಕಾರದವರೇ ಆದರೆ?

ರಾಜಕಾಲುವೆಯ ಕೊಳಚೆಯೆಲ್ಲ ಖಾಸಗಿ ಪೈಪಿನದಲ್ಲ. ಯುಜಿಡಿ ಇಲ್ಲದ ಕಡೆ, ಎಸ್‌ಟಿಪಿ ಸಾಲದ ಕಡೆ ಊರಿನ ಕೊಳಚೆಯೇ ಅದರಲ್ಲಿ ಇಳಿಯುತ್ತದೆ.

ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಮಧ್ಯಪ್ರದೇಶದ ರತ್ಲಾಂ ಊರಿನಿಂದ. ತೆರೆದ ಚರಂಡಿ, ಮಲ, ಮದ್ಯಸಾರದ ಕಾರ್ಖಾನೆಯ ಹೊಲಸು, ಸೊಳ್ಳೆ. ಬೀದಿಯವರು ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಚರಂಡಿ ಕಟ್ಟಲು ದುಡ್ಡಿಲ್ಲ ಅಂತ ಪುರಸಭೆ ಹೇಳಿತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಆ ನೆಪವನ್ನು ಒಪ್ಪಲಿಲ್ಲ. ಕಾನೂನು ಹೊರಿಸಿದ ಕರ್ತವ್ಯಕ್ಕೆ ಖಜಾನೆ ಖಾಲಿ ಅನ್ನುವುದು ಉತ್ತರವಲ್ಲ ಎಂದಿತು. ಬರೀ ಚರಂಡಿಯ ಜಗಳ ದೇಶದ ಪರಿಸರ ಕಾನೂನಿನ ಮೊದಲ ಪಾಠಗಳಲ್ಲಿ ಒಂದಾಯಿತು.

ನಮ್ಮ ಬೆಳ್ಳಂದೂರು ಅದರ ಮುಂದಿನ ಅಧ್ಯಾಯ. ಡಿಟರ್ಜೆಂಟ್ ತುಂಬಿದ ನೀರು ಕೋಡಿಯಿಂದ ಬೀಳುವಾಗ ವಾಷಿಂಗ್ ಮಷಿನ್‌ನಂತೆ ಕಲಕಿ ನೊರೆ ಏಳುತ್ತಿತ್ತು, ಗಾಳಿಗೆ ರಸ್ತೆಗೆ ಹಾರುತ್ತಿತ್ತು. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬಿದ್ದಾಗ ಆರಿಸಲು ಸೇನೆಯವರು ಬರಬೇಕಾಯಿತು. ಎನ್‌ಜಿಟಿ ತಾನಾಗಿಯೇ ಕೇಸು ಎತ್ತಿಕೊಂಡು 2018ರ ಡಿಸೆಂಬರ್‌ನಲ್ಲಿ ಆದೇಶ ಕೊಟ್ಟಿತು. ರಾಜ್ಯ ಸರಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ. ಜೊತೆಗೆ ಕೆರೆ ಸರಿಮಾಡಲು 500 ಕೋಟಿ ಬೇರೆ ಖಾತೆಯಲ್ಲಿ ಎತ್ತಿಡಬೇಕು, ಕೆಲಸ ನೋಡಿಕೊಳ್ಳಲು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಸಮಿತಿ. ಇಲ್ಲಿ ಒಂದು ತಮಾಷೆ ಇದೆ. ಸರಕಾರಕ್ಕೆ ದಂಡ ಅಂದರೆ ಕೊಡುವುದು ತೆರಿಗೆ ಕಟ್ಟುವವರು, ಅವರಲ್ಲಿ ನೊರೆಯ ಪಕ್ಕದಲ್ಲೇ ಇದ್ದವರೂ ಸೇರುತ್ತಾರೆ. ಆ ಲೆಕ್ಕದಲ್ಲಿ ದಂಡಕ್ಕಿಂತ ಎತ್ತಿಡಿಸಿದ 500 ಕೋಟಿಯೇ ಕೆಲಸಕ್ಕೆ ಬರುವ ಭಾಗ. ಅದು ಕೆರೆಗೇ ಖರ್ಚಾಗಬೇಕಾದ ದುಡ್ಡು.

ದೂರು ಕೊಡುವುದಾದರೆ

ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಜಲಮಂಡಳಿಯ 1916. ಚರಂಡಿ ಕಟ್ಟಿಕೊಂಡಿದ್ದರೆ, ಕಾಲುವೆ ಮುಚ್ಚಿದ್ದರೆ ಪಾಲಿಕೆಯ 1533. ಕಾಲುವೆಗೆ ಕೊಳಚೆ ಬಿಡುತ್ತಿದ್ದರೆ ಎರಡೂ ಕಡೆ ಹೇಳಬೇಕು. 'ಕಾಲುವೆ ಅವರದ್ದು', 'ನೀರು ಇವರದ್ದು' ಅನ್ನುವ ಉತ್ತರ ಬರುವ ಸಾಧ್ಯತೆ ಇರುವುದರಿಂದ ಮೂರನೇ ದೂರು ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಕರ್ನಾಟಕದ ಕೇಸುಗಳನ್ನು ಕೇಳುವುದು ಚೆನ್ನೈನಲ್ಲಿರುವ ಎನ್‌ಜಿಟಿಯ ದಕ್ಷಿಣ ಪೀಠ. ಅಲ್ಲಿಗೆ ಸಾಮಾನ್ಯ ಜನ ವಕೀಲರಿಲ್ಲದೆಯೂ ಹೋಗಬಹುದು. ಆದರೆ ತಡ ಮಾಡಬೇಡಿ, ಸಾಮಾನ್ಯ ಅರ್ಜಿಗೆ ಆರು ತಿಂಗಳ ಗಡುವು ಇದೆ.

ಫೋಟೋ ತೆಗೆಯುವಾಗ ಮಳೆ ಇಲ್ಲದ ದಿನ ತೆಗೆಯಿರಿ, ದಿನಾಂಕ ಮತ್ತು ಗಂಟೆ ಕಾಣುವ ಹಾಗೆ. 'ಮಳೆ ನೀರು ಸಾರ್' ಅನ್ನುವ ಮಾತಿಗೆ ಆಗ ಜಾಗ ಇರುವುದಿಲ್ಲ. ಆದರೆ ನೀರನ್ನು ಖಾಲಿ ಬಾಟಲಿಯಲ್ಲಿ ತುಂಬಿಕೊಂಡು ಹೋಗಬೇಡಿ. ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯಬೇಕಾದದ್ದು ಮಂಡಳಿಯವರು. ಪರೀಕ್ಷೆಗೆ ಕಳಿಸುತ್ತೇವೆ ಅಂತ ಘಟಕದವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರಿಗೇ ಮಾದರಿಯನ್ನು ಎರಡು ಪಾಲು ಮಾಡಿ, ಗುರುತು ಹಾಕಿ, ಸೀಲ್ ಮಾಡಬೇಕು. ಎರಡೂ ಕಡೆಯವರ ಸಹಿ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ನೀರು ಎಷ್ಟೇ ಕಪ್ಪಿದ್ದರೂ ಕೋರ್ಟಿನಲ್ಲಿ ಆ ಬಾಟಲಿ ನಿಲ್ಲುವುದು ಕಷ್ಟ. ಹಾಗಾಗಿ ದೂರಿನ ಕೊನೆಯ ಸಾಲಿನಲ್ಲಿ 'ಕ್ರಮ ಕೈಗೊಳ್ಳಿ' ಅಂತ ಬರೆಯುವ ಬದಲು '21ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯಿರಿ, ಬೆಳಿಗ್ಗೆ ಎಂಟಕ್ಕೆ ಬನ್ನಿ' ಅಂತ ಬರೆಯಿರಿ. ಹರಿವು ಜಾಸ್ತಿ ಇರುವುದು ಆಗಲೇ.